ಬೆಂಗಳೂರು ಇನ್ನೆಷ್ಟು ಬೆಳೆದೀತು?

ವಿಜಯನಗರದ ಹಳಬ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1984ರಲ್ಲಿ ವಿಜಯನಗರದ ಮೂವತ್ತು–ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸಿದಾಗ, ‘ಊರಾಚೆ ಹೋಗಿ ಕೂತುಬಿಟ್ಟಿರಲ್ಲ’ ಎಂದು ಚಾಮರಾಜಪೇಟೆಯ ಬಂಧುಗಳು ಆಡಿಕೊಂಡಿದ್ದರಂತೆ. ಇಂದು ಅದೇ ಮನೆ ಊರ ನಡುವೆ ಇದೆ, ಮೆಟ್ರೊ ನಿಲ್ದಾಣ ಹತ್ತು ನಿಮಿಷದ ನಡಿಗೆ. ಹಾಗಿದ್ದೂ ನಮ್ಮ ಮಹಡಿಯ ಭಾಗ ನಾಲ್ಕು ತಿಂಗಳಿಂದ ಖಾಲಿ ಬಿದ್ದಿದೆ. ಮೊನ್ನೆ ಬೆಳಗ್ಗೆ ಹಾಲು ತರಲು ಹೋದವನು ಸುಮ್ಮನೆ ಎಣಿಸಿದೆ: ನಮ್ಮ ಅಡ್ಡರಸ್ತೆಯೊಂದರಲ್ಲೇ ಹನ್ನೊಂದು ‘ಟು ಲೆಟ್’ ಫಲಕಗಳು ತೂಗುತ್ತಿವೆ. ಅವುಗಳಲ್ಲಿ ಒಂದು ಬಿಸಿಲಿಗೆ ಬಣ್ಣಗೆಟ್ಟು, ಫೋನ್ ಸಂಖ್ಯೆಯೇ ಓದಲಾಗದಂತಾಗಿದೆ.

ನನ್ನ ತಮ್ಮ ಇದನ್ನೇ ಹಿಡಿದುಕೊಂಡು, ಬೆಂಗಳೂರಿನ ಬೆಳವಣಿಗೆ ಮುಗಿಯಿತು, ಬೆಲೆ ಇರುವಾಗಲೇ ಮನೆ ಮಾರಿ ತುಮಕೂರಿಗೋ ಮೈಸೂರಿಗೋ ಹೋಗೋಣ ಎನ್ನುತ್ತಾನೆ. ಅವನ ವಾದದಲ್ಲಿ ಮೂರು ಸಂಗತಿಗಳಿವೆ: ಐಟಿ ಕಂಪನಿಗಳು ಮೊದಲಿನಂತೆ ಹುಡುಗರನ್ನು ಗುಂಪುಗುಂಪಾಗಿ ಸೇರಿಸಿಕೊಳ್ಳುತ್ತಿಲ್ಲ, 2024ರ ಬೇಸಿಗೆಯಲ್ಲಿ ನೀರಿಗಾಗಿ ಪಟ್ಟ ಪಾಡು ಯಾರಿಗೂ ಮರೆತಿಲ್ಲ, ಮತ್ತು ಸಂಚಾರ ಸರಿಹೋಗುವ ಲಕ್ಷಣ ಕಾಣುತ್ತಿಲ್ಲ. ನನಗಾದರೋ ಐವತ್ತು ವರ್ಷಗಳಿಂದ ಪ್ರತಿಯೊಬ್ಬರೂ ‘ಇನ್ನು ಈ ಊರು ತಡೆಯಲಾರದು’ ಎನ್ನುತ್ತಲೇ ಬಂದದ್ದು ನೆನಪಿದೆ. ಜನಸಂಖ್ಯೆ, ನೀರು, ಭೂಮಿ ಇವುಗಳ ಬಗ್ಗೆ ಅನುಭವದಿಂದ ತಿಳಿದವರು, ಈ ಮಹಾನಗರದ ಬೆಳವಣಿಗೆ ನಿಜಕ್ಕೂ ತುದಿ ಮುಟ್ಟಿದೆಯೇ ಎಂಬುದನ್ನು ವಿವರಿಸಬೇಕೆಂದು ಕೋರುತ್ತೇನೆ.

ಲೆಕ್ಕದ ಮೇಷ್ಟ್ರು

ಹಳಬರೇ, ತಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಬೆಳವಣಿಗೆಯ ವೇಗ ತುದಿ ಮುಟ್ಟಿದೆಯೇ ಎನ್ನುವುದು ಒಂದು, ಜನಸಂಖ್ಯೆಯೇ ತುದಿ ಮುಟ್ಟಿದೆಯೇ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಬಹಳ ಹಿಂದೆಯೇ ಸಿಕ್ಕಿದೆ. 1941ರಿಂದ 1951ರ ನಡುವೆ ಬೆಂಗಳೂರು ಸುಮಾರು 4.1 ಲಕ್ಷದಿಂದ 7.8 ಲಕ್ಷಕ್ಕೆ ಏರಿತು, ಅಂದರೆ ಹತ್ತೇ ವರ್ಷದಲ್ಲಿ ಹತ್ತಿರಹತ್ತಿರ ಇಮ್ಮಡಿಯಾಯಿತು. ಆ ವೇಗ ಮತ್ತೆಂದೂ ಮರಳಲಿಲ್ಲ. 1971–81ರ ದಶಕದಲ್ಲಿ ಸುಮಾರು 16.5 ಲಕ್ಷವಿದ್ದದ್ದು 29.2 ಲಕ್ಷವಾಯಿತು, ಶೇ 76ರಷ್ಟು ಏರಿಕೆ. ಆಮೇಲಿನ ಎರಡು ದಶಕಗಳಲ್ಲಿ ಏರಿಕೆಯ ಪ್ರಮಾಣ ಶೇ 40ರ ಆಸುಪಾಸಿಗೆ ಇಳಿಯಿತು.

ಆದರೆ ಪ್ರಮಾಣ ಇಳಿದರೂ ತಲೆಗಳ ಎಣಿಕೆ ಇಳಿಯಲಿಲ್ಲ ಎಂಬುದನ್ನು ಗಮನಿಸಬೇಕು. ಶೇ 76ರಷ್ಟು ಬೆಳೆದ ದಶಕದಲ್ಲಿ ಸೇರಿದವರು ಸುಮಾರು 12.7 ಲಕ್ಷ ಜನ. 2001ರಿಂದ 2011ರ ನಡುವೆ ಊರು 57 ಲಕ್ಷದಿಂದ 85 ಲಕ್ಷಕ್ಕೆ ಹೋದಾಗ ಸೇರಿದವರು 28 ಲಕ್ಷ. ನಡುವೆ 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದ್ದರಿಂದ, ಗಡಿ ಹಿಗ್ಗಿದ್ದೆಷ್ಟು, ಜನ ಬಂದದ್ದೆಷ್ಟು ಎಂದು ಬಿಡಿಸಿ ನೋಡುವುದು ಕಷ್ಟ. ಗಡಿ ಬದಲಾಗದ ಬೆಂಗಳೂರು ನಗರ ಜಿಲ್ಲೆಯ ಲೆಕ್ಕ ತೆಗೆದುಕೊಂಡರೂ, ಇಡೀ ರಾಜ್ಯ ಶೇ 15.6ರಷ್ಟು ಬೆಳೆದ ಆ ದಶಕದಲ್ಲಿ ಜಿಲ್ಲೆ ಸುಮಾರು ಶೇ 47ರಷ್ಟು ಬೆಳೆದಿತ್ತು. ಕರ್ನಾಟಕದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.7ಕ್ಕೆ ಇಳಿದಿದೆ, ಅಂದರೆ ತೊಟ್ಟಿಲುಗಳಿಂದ ಈ ಊರು ಇನ್ನು ಹೆಚ್ಚು ದಿನ ಬೆಳೆಯದು. ಬೆಳೆಯುವುದಾದರೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿಯುವವರಿಂದ, ರೈಲಿಳಿಯುವವರಿಂದ ಬೆಳೆಯಬೇಕು.

ತಮ್ಮ ಅಡ್ಡರಸ್ತೆಯ ಹನ್ನೊಂದು ಫಲಕಗಳ ವಿಷಯ ಇದಕ್ಕಿಂತ ಬೇರೆ. ಊರ ನಡುಭಾಗ ಮೊದಲು ತುದಿ ಮುಟ್ಟುತ್ತದೆ, ಅಂಚು ಬಹಳ ತಡವಾಗಿ ಮುಟ್ಟುತ್ತದೆ. 2001ರಿಂದ 2011ರ ನಡುವೆ ಮುಂಬೈ ನಗರ ಜಿಲ್ಲೆ, ಅಂದರೆ ಹಳೆಯ ದ್ವೀಪ ಭಾಗ, 33.4 ಲಕ್ಷದಿಂದ 30.9 ಲಕ್ಷಕ್ಕೆ ಕುಗ್ಗಿತು. ಅದೇ ಅವಧಿಯಲ್ಲಿ ಪಕ್ಕದ ಠಾಣೆ ಜಿಲ್ಲೆ 81 ಲಕ್ಷದಿಂದ 1.1 ಕೋಟಿಗೆ ಏರಿತು. ಕೋಲ್ಕತ್ತ ಪಾಲಿಕೆಯಲ್ಲೂ ಜನ ಕಡಿಮೆಯಾದರು. ಹಾಗೆಂದು ಆ ಎರಡು ಮಹಾನಗರಗಳು ಮುಗಿದವು ಎಂದು ಯಾರೂ ಹೇಳಲಿಲ್ಲ. ನಮ್ಮ ಚಿಕ್ಕಪೇಟೆ, ಅಕ್ಕಿಪೇಟೆಗಳ ಹಳೆಯ ಮನೆಗಳು ಗೋದಾಮುಗಳಾದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಈಗ ವಿಜಯನಗರ, ರಾಜಾಜಿನಗರಗಳ ಸರದಿ ಬಂದಿರಬಹುದೆಂದು ನನ್ನ ಊಹೆ.

ನೀರಗಂಟಿ

ಮೇಷ್ಟ್ರ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಆದರೆ ಬಂದವರು ಕುಡಿಯಬೇಕಲ್ಲ? ನೀರು ಸರಬರಾಜಿನಲ್ಲೇ ಕೆಲಸ ಮಾಡಿ ನಿವೃತ್ತನಾದವನು ನಾನು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ದೊಡ್ಡ ನದಿಯ ದಡದಲ್ಲಿಲ್ಲದ ಊರು ನಮ್ಮದು. 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, ಹೀಗೆ ಮೊದಲು ಅರ್ಕಾವತಿಯನ್ನು ಬಳಸಿಕೊಂಡೆವು. ಅದು ಸಾಲದಾದಾಗ 1974ರಲ್ಲಿ ಕಾವೇರಿಯ ಮೊದಲ ಹಂತ ಬಂತು. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ನೀರನ್ನು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ, ಸುಮಾರು ನೂರು ಕಿಲೋಮೀಟರ್ ದೂರಕ್ಕೆ, ಸರಿಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಿ ತರುತ್ತೇವೆ. ತಮ್ಮ ಮನೆಯ ನೆಲದಡಿಯ ತೊಟ್ಟಿಗೆ ಬೀಳುವ ಪ್ರತಿ ಬಿಂದಿಗೆ ನೀರೂ ಬೆಟ್ಟ ಹತ್ತಿ ಬಂದದ್ದು. ಪಂಪ್‌ಹೌಸಿನಲ್ಲಿ ಕರೆಂಟು ಹೋದ ರಾತ್ರಿ ಆ ದೈತ್ಯ ಮೋಟಾರುಗಳ ಮೊರೆತ ನಿಂತಾಗ ಆವರಿಸುವ ಮೌನವಿದೆಯಲ್ಲ, ಅದನ್ನು ಕೇಳಿದವನಿಗೆ ಈ ಊರು ಎಷ್ಟು ತೆಳುವಾದ ದಾರದಲ್ಲಿ ತೂಗುತ್ತಿದೆ ಎಂಬುದು ತಿಳಿಯುತ್ತದೆ. ಮಾರನೆಯ ದಿನ ಅರ್ಧ ಊರಿಗೆ ನೀರು ಬಿಡುವ ಸರದಿ ತಪ್ಪುತ್ತದೆ.

2024ರ ಅಕ್ಟೋಬರ್‌ನಲ್ಲಿ ಕಾವೇರಿಯ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿಗೆ ದಾರಿಯಾಯಿತು. ಇದು ವರ್ಷಕ್ಕೆ ಸುಮಾರು 10 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಅದು ಮುಖ್ಯವಾಗಿ, ಮೇಷ್ಟ್ರು ಹೇಳಿದ ಅದೇ 110 ಹಳ್ಳಿಗಳಿಗಾಗಿ ರೂಪಿಸಿದ ಯೋಜನೆ. 2007ರಲ್ಲಿ ಊರೊಳಗೆ ಸೇರಿದವರಿಗೆ ನೀರು ತಲುಪುವ ಯೋಜನೆ ಮುಗಿಯಲು ಹದಿನೇಳು ವರ್ಷ ಹಿಡಿಯಿತು. ಊರು ಮುಂದೆ, ಕೊಳವೆ ಹಿಂದೆ. ಆ ನಡುವೆ ಅವರು ಬದುಕಿದ್ದು ಕೊಳವೆಬಾವಿ ಮತ್ತು ಟ್ಯಾಂಕರ್‌ಗಳನ್ನು ನಂಬಿ. 2024ರ ಮಾರ್ಚ್‌ನಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು.

ಇನ್ನು ಕಾವೇರಿಯಿಂದ ಎಷ್ಟು ಬೇಕಾದರೂ ತರಬಹುದೆಂಬ ಭ್ರಮೆ ಬೇಡ. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂಬ ಲೆಕ್ಕದ ಮೇಲೆ ಕಾವೇರಿ ಜಲವಿವಾದ ನ್ಯಾಯಮಂಡಳಿ 2007ರಲ್ಲಿ ಕುಡಿಯುವ ನೀರಿನ ಪಾಲು ನಿಗದಿ ಮಾಡಿತ್ತು. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಇಡೀ ಊರನ್ನು ಗಣನೆಗೆ ತೆಗೆದುಕೊಂಡು 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಮುಂದಿನ ಪ್ರತಿ ಟಿಎಂಸಿಗೂ ಮಂಡ್ಯದ ಗದ್ದೆಯೊಡನೆ, ತಮಿಳುನಾಡಿನೊಡನೆ ಮಾತಾಡಿಯೇ ತರಬೇಕು.

ಹಾಗಾದರೆ ತುದಿ ಬಂತೇ ಎಂದರೆ, ಕೊಳವೆಯ ತುದಿ ಕಾಣುತ್ತಿದೆ ಎನ್ನುತ್ತೇನೆ, ನೀರಿನದ್ದಲ್ಲ. ಈ ಊರಿನ ಸುಮಾರು 700 ಚದರ ಕಿಲೋಮೀಟರ್ ಮೇಲೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ ಸುರಿಯುತ್ತದೆ. ಗುಣಿಸಿ ನೋಡಿ, ಅದು 24 ಟಿಎಂಸಿ ಆಗುತ್ತದೆ. ಅದೆಲ್ಲವನ್ನೂ ಹಿಡಿಯಲು ಸಾಧ್ಯವಿಲ್ಲ ಎಂಬುದು ನಿಜ, ಆದರೆ ರಾಜಕಾಲುವೆಗಳನ್ನು ಮುಚ್ಚಿ ಮನೆ ಕಟ್ಟಿ, ಅದೇ ಮಳೆಯನ್ನು ಪ್ರವಾಹ ಎಂದು ಕರೆಯುತ್ತಿದ್ದೇವೆ. ಬಳಸಿದ ನೀರನ್ನು ಸಂಸ್ಕರಿಸಿ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ 2018ರಿಂದ ಕೋಲಾರದ ಕೆರೆಗಳಿಗೆ ಕೊಡುತ್ತಿದ್ದೇವೆ. ಅಲ್ಲಿ ಬತ್ತಿದ್ದ ಕೆರೆಗಳು ತುಂಬಿವೆ. ಆ ನೀರಿನ ಗುಣಮಟ್ಟದ ಬಗ್ಗೆ ಕೋಲಾರದವರ ಆಕ್ಷೇಪವಿದೆ, ಅದನ್ನು ಮರೆಮಾಚುವುದಿಲ್ಲ.

ಆನೇಕಲ್ ಸೀಮೆಯವಳು

ನಮ್ಮ ಕಡೆ ಬಂದು ನೋಡಿ, ‘ಬೆಳವಣಿಗೆ ಮುಗಿಯಿತು’ ಎಂದರೆ ನಗುತ್ತಾರೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ ಓಡತೊಡಗಿದ ಮೇಲೆ, ಮೂರು ವರ್ಷದಿಂದ ಹುಲ್ಲು ಬೆಳೆದಿದ್ದ ನಿವೇಶನಗಳಲ್ಲಿ ಪಾಯದ ಗುಂಡಿ ತೋಡುತ್ತಿದ್ದಾರೆ. ನಮ್ಮ ಮಾವನವರ ರಾಗಿ ಹೊಲದ ಪಕ್ಕದಲ್ಲಿ ಈಗ ನಾಲ್ಕಂತಸ್ತಿನ ಪಿ.ಜಿ. ಇದೆ. ಅದರ ಕೆಳಗಿನ ಅಂಗಡಿಯಲ್ಲಿ ಒಡಿಶಾದ ಹುಡುಗನೂ ರಾಯಚೂರಿನ ಹುಡುಗನೂ ಒಂದೇ ಸ್ಟೂಲಿನಲ್ಲಿ ಕುಳಿತು ಚಹಾ ಕುಡಿಯುತ್ತಾರೆ. ನಮ್ಮ ಹಸುಗಳು ಕಾಂಪೌಂಡಿಗೆ ಮೈಯುಜ್ಜಿಕೊಂಡು ಹೋಗುತ್ತವೆ. ಹೊಸೂರಂತೂ ಬೇರೆ ರಾಜ್ಯ, ಆದರೂ ಬೆಂಗಳೂರಿನ ಕೆಲಸಕ್ಕೆ ಅಲ್ಲಿಂದ ಬರುವವರಿಗೆ ಲೆಕ್ಕವಿಲ್ಲ.

ಆದರೆ ಈ ಬೆಳವಣಿಗೆ ಎಂಥದು ಎಂಬುದನ್ನೂ ಹೇಳಬೇಕು. ಇಲ್ಲಿ ಮಾರಾಟವಾಗುವುದರಲ್ಲಿ ಬಹಳಷ್ಟು ಕಂದಾಯ ನಿವೇಶನಗಳೇ. ಪಹಣಿಯಲ್ಲಿ ಇನ್ನೂ ಹೊಲವೆಂದಿರುವ ಜಾಗಕ್ಕೆ ಸುಣ್ಣದ ಗೆರೆ ಎಳೆದು, ಇಪ್ಪತ್ತಡಿ ರಸ್ತೆ ಎಂದು ಹನ್ನೆರಡಡಿ ಬಿಟ್ಟು, ಚರಂಡಿಯ ನೀರನ್ನು ಪಕ್ಕದವರ ಜಮೀನಿಗೆ ಬಿಡುತ್ತಾರೆ. ನಾವೂ ಅಂಥದೊಂದು ಬಡಾವಣೆಯಲ್ಲಿ ಒಂದು ತುಂಡು ಕೊಂಡು, ಖಾತೆಗಾಗಿ ನಾಲ್ಕು ವರ್ಷ ಅಲೆದಿದ್ದೇವೆ. ಭೂಮಿಯೂ ಕೇಳಿದಾಗಲೆಲ್ಲ ಸಿಗುವ ಕಾಲ ಹೋಯಿತು: ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆ, 1,777 ಎಕರೆಯ ಭೂಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರ 2025ರ ಜುಲೈನಲ್ಲಿ ಘೋಷಿಸಿತು. ನೀರಗಂಟಿಯವರು ಹೇಳಿದ ಕೊಳವೆ ನಮ್ಮ ಊರಿನ ಹತ್ತಿರಕ್ಕೂ ಬಂದಿಲ್ಲ. 1,200 ಅಡಿ ಕೊರೆಸಿದ ಬಾವಿಯಲ್ಲಿ ಬಂದದ್ದು ಧೂಳು.

ಧಾರವಾಡಕ್ಕೆ ಮರಳಿದವನು

ಹಳಬರ ತಮ್ಮನವರಿಗೆ ಒಂದು ಮಾತು. ನಾನು 2020ರಲ್ಲಿ ಮನೆಯಿಂದಲೇ ಕೆಲಸ ಶುರುವಾದಾಗ ಧಾರವಾಡಕ್ಕೆ ಬಂದೆ, ಇನ್ನು ಬೆಂಗಳೂರು ಸಾಕು ಎಂದುಕೊಂಡಿದ್ದೆ. ನನ್ನೊಡನೆ ಊರಿಗೆ ಬಂದಿದ್ದ ಆರು ಗೆಳೆಯರಲ್ಲಿ ಐವರು ಮರಳಿ ಹೋದರು, ಏಕೆಂದರೆ ಒಂದು ಕೆಲಸ ಬಿಟ್ಟರೆ ಇನ್ನೊಂದು ಸಿಗುವ ಊರು ರಾಜ್ಯದಲ್ಲಿ ಅದೊಂದೇ. 2011ರಲ್ಲಿ ಬೆಂಗಳೂರು 85 ಲಕ್ಷವಿದ್ದಾಗ ಹುಬ್ಬಳ್ಳಿ–ಧಾರವಾಡ ಪಾಲಿಕೆ 9.4 ಲಕ್ಷ, ಸುತ್ತಮುತ್ತಲನ್ನೂ ಸೇರಿಸಿದರೆ ಮೈಸೂರು 9.9 ಲಕ್ಷ. ಎರಡನೆಯ ಊರು ಮೊದಲನೆಯದರ ಎಂಟನೇ ಒಂದು ಭಾಗವೂ ಇಲ್ಲದಿರುವ ರಾಜ್ಯದಲ್ಲಿ ಮೊದಲನೆಯದು ಹೇಗೆ ನಿಂತೀತು? ಬೆಂಗಳೂರಿನ ತುದಿ ಬೆಂಗಳೂರಿನಲ್ಲಿ ನಿರ್ಧಾರವಾಗುವುದಿಲ್ಲ ಎಂದು ನನಗನಿಸುತ್ತದೆ.

ವಿಜಯನಗರದ ಹಳಬ

ಎಲ್ಲರಿಗೂ ಧನ್ಯವಾದಗಳು. ತಮ್ಮನಿಗೆ ಓದಿ ಹೇಳಿದೆ. ‘ಊರು ಬೆಳೆದರೇನು, ನಮ್ಮ ಬೀದಿ ಬೆಳೆಯುತ್ತದೆಯೇ’ ಎಂದು ಕೇಳುತ್ತಾನೆ. ಮೇಷ್ಟ್ರೇ, ನಮ್ಮ ಬಡಾವಣೆಯಂಥವು ನಿಜಕ್ಕೂ ಖಾಲಿಯಾಗುತ್ತಿವೆಯೇ ಎಂಬುದನ್ನು ಊಹೆಯಿಂದಲ್ಲದೆ ತಿಳಿಯುವ ಬಗೆ ಇದೆಯೇ?

ಲೆಕ್ಕದ ಮೇಷ್ಟ್ರು

ಇದೆ, ಆದರೆ ಸ್ವಲ್ಪ ತಾಳ್ಮೆ ಬೇಕು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋದದ್ದರಿಂದ, ನಾವೆಲ್ಲ ಇಲ್ಲಿ ವಾದಿಸುತ್ತಿರುವುದು 2011ರ ಅಂಕಿಗಳನ್ನು ಹಿಡಿದುಕೊಂಡೇ. ವಿಶ್ವಸಂಸ್ಥೆ 2018ರಲ್ಲಿ ಮಾಡಿದ ಅಂದಾಜಿನಂತೆ 2025ಕ್ಕೆ ಬೆಂಗಳೂರಿನ ಜನಸಂಖ್ಯೆ ಸುಮಾರು 1.4 ಕೋಟಿ, ಅದು ಅಂದಾಜು, ಎಣಿಕೆಯಲ್ಲ. ಹೊಸ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ತಲೆ ಎಣಿಸುವುದಕ್ಕೆ ಮೊದಲು ಮನೆಪಟ್ಟಿ ಮಾಡುತ್ತಾರೆ, ಅದರಲ್ಲಿ ಜನರಿರುವ ಮನೆಗಳಷ್ಟೇ ಅಲ್ಲದೆ ಖಾಲಿ ಮನೆಗಳನ್ನೂ ಬರೆದುಕೊಳ್ಳುತ್ತಾರೆ. ಗಣತಿದಾರರು ಬಂದಾಗ ಮಹಡಿಯ ಭಾಗಕ್ಕೆ ಬೀಗವಿದ್ದರೆ ಅದನ್ನು ಖಾಲಿ ಎಂದೇ ಬರೆಸಿ, ಮಗ ಆಗಾಗ ಬಂದು ಹೋಗುತ್ತಾನೆ ಎನ್ನಬೇಡಿ. ತಮ್ಮ ಬೀದಿಯ ಉಳಿದ ಹತ್ತು ಫಲಕಗಳ ಮಾಲೀಕರಿಗೂ ಹೇಳಿಡಿ.