ಕೂಲ್ ರೂಫ್ ಕೋಟಿಂಗ್: ಎರಡು ದಿನದ ತರಬೇತಿಯಲ್ಲಿ ಏನು ಕಲಿಸೋದು?

ತರಬೇತಿ_ಕಟ್ಟಡ:
ಎಂಟು ಜನ ಪೇಂಟರ್‌ಗಳಿಗೆ ಕಾಂಕ್ರೀಟ್ ತಾರಸಿಗೆ ಬಿಳಿ ಅಕ್ರಿಲಿಕ್ ಕೂಲ್ ರೂಫ್ ಕೋಟಿಂಗ್ (ಬಿಸಿಲಿನ ಶಾಖ ಹಿಂದಿರುಗಿಸಿ ತಾರಸಿ ತಂಪಾಗಿಡುವ ಬಣ್ಣ) ಹಚ್ಚೋದು ಕಲಿಸಬೇಕು. ರೋಲರ್ ಎಲ್ಲರಿಗೂ ಬರುತ್ತೆ. ಆದರೂ ಹಚ್ಚಿದ್ದು ಗುಳ್ಳೆ ಎದ್ದು ಸುಲಿಯುತ್ತೆ, ಕೆಲವು ಕಡೆ ತಳದ ಬಣ್ಣ ಕಾಣಿಸುತ್ತೆ. ಹೆಚ್ಚು ಸಮಯ ಯಾವುದಕ್ಕೆ ಕೊಡಲಿ?

ತಾರಸಿಮೇಲೆ:
ಮೊದಲ ದಿನ ಡಬ್ಬದ ಮುಚ್ಚಳವನ್ನೇ ತೆಗೆಯಬೇಡಿ. ಸುಲಿಯೋದು ಬಹುತೇಕ ತಳದ ತಪ್ಪಿನಿಂದ. ಪಾಚಿ, ಹಳೇ ಸುಣ್ಣ ವೈರ್ ಬ್ರಷ್‌ನಲ್ಲಿ ಉಜ್ಜಿ ತೊಳೆಸಿ. ಒಣಗಿದ ಮೇಲೆ ಟೇಪ್ ಒತ್ತಿ ಕೀಳಲಿ. ಪುಡಿ ಅಂಟಿ ಬಂದರೆ ಮತ್ತೆ ಉಜ್ಜಬೇಕು.

ತೇವ ಕೈಗೆ ಗೊತ್ತಾಗಲ್ಲ. 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಕನಿಷ್ಠ 16 ಗಂಟೆ ಬಿಡಿ. ತೊಳೆದ ಜಾಗದಲ್ಲೊಂದು, ತೊಳೆಯದ ಒಣ ಜಾಗದಲ್ಲೊಂದು. ಸಂಜೆ 4ಕ್ಕೆ ಅಂಟಿಸಿದರೆ ಬೆಳಿಗ್ಗೆ 8ಕ್ಕೆ ಎಲ್ಲರೂ ಬಗ್ಗಿ ನೋಡಬಹುದು: ಒಳಮೈಗೆ ಹನಿ ಕಟ್ಟಿದ್ದರೆ, ಕಾಂಕ್ರೀಟ್ ಕಪ್ಪಿಟ್ಟಿದ್ದರೆ ಆ ಜಾಗ ಇನ್ನೂ ಒಣಗಿಲ್ಲ. ಆ ತೇವವೇ ಬಿಸಿಲಿಗೆ ಆವಿಯಾಗಿ ಪದರವನ್ನು ಎತ್ತೋದು.

ವಾಟ ಸರಿಯಿಲ್ಲದೆ ಎರಡು ದಿನವಾದರೂ ನೀರು ನಿಲ್ಲುವ ಕಡೆ ಅಕ್ರಿಲಿಕ್ ಬಾಳಲ್ಲ. ಮೊದಲು ಗಾರೆ ಹಾಕಿ ವಾಟ ಸರಿಮಾಡಿ.

ರೋಲರ್‌ಕೆಲಸ:
ತಳ ಕಾಣಿಸೋದು ದಪ್ಪ ಸಾಲದೆ. ಲೆಕ್ಕ ಸುಲಭ: 1 ಚದರ ಮೀಟರಿಗೆ 1 ಲೀಟರ್ ಹರಡಿದರೆ ಒದ್ದೆ ಪದರ ಸರಿಯಾಗಿ 1 ಮಿ.ಮೀ. ನೆಲದ ಮೇಲೆ ಚಾಕ್‌ನಲ್ಲಿ 10 ಚದರ ಮೀಟರ್ ಗೆರೆ ಎಳೆದು, 4 ಲೀಟರ್ ಅಳೆದು ಕೊಡಿ, ಅಷ್ಟರಲ್ಲೇ ಮುಗಿಸಲಿ. ಒದ್ದೆ 0.4 ಮಿ.ಮೀ.; ಘನಾಂಶ (ಒಣಗಿದ ಮೇಲೆ ಉಳಿಯುವ ಭಾಗ) ಗಾತ್ರದಲ್ಲಿ 50% ಇದ್ದರೆ ಒಣಗಿ 0.2. ಎಷ್ಟು ಬೇಕು ಅನ್ನೋದನ್ನು ಡಬ್ಬದ ಮೇಲೆ ಓದಿಸಿ. ಎರಡನೇ ಕೋಟ್ ಮೊದಲನೆಯದು ಒಣಗಿದ ಮೇಲೆ, ಅಡ್ಡಕ್ಕೆ.

ಒದ್ದೆ ಪದರದ ದಪ್ಪ ಅಳೆಯುವ, ಬಾಚಣಿಗೆ ಥರದ ವೆಟ್ ಫಿಲ್ಮ್ ಗೇಜ್ ಪ್ರತಿಯೊಬ್ಬರ ಜೇಬಲ್ಲೂ ಇರಲಿ. ಹಚ್ಚಿದ ಕೂಡಲೇ ನೆಟ್ಟಗೆ ಒತ್ತಿ ಎತ್ತಿದರೆ, ಒದ್ದೆಯಾದ ಕೊನೆಯ ಹಲ್ಲು ಮತ್ತು ಒಣಗಿರುವ ಮುಂದಿನ ಹಲ್ಲಿನ ನಡುವೆ ದಪ್ಪ ಇರುತ್ತೆ. ರೋಲರ್ ಸಲೀಸಾಗಿ ಓಡಲಿ ಅಂತ ಬಣ್ಣದ ಐದನೇ ಒಂದು ಪಾಲು ನೀರು ಬೆರೆಸಿ, ಆ ಮಿಶ್ರಣವನ್ನು ಅದೇ 4 ಲೀಟರ್ ಹಚ್ಚಿದರೆ ಒಣಗಿದ ಮೇಲೆ 0.2 ಅಲ್ಲ, 0.17 ಮಿ.ಮೀ. ಸಿಗುತ್ತೆ. ಕಣ್ಣಿಗೆ ಎರಡೂ ಒಂದೇ ಬಿಳುಪು!

ತರಬೇತಿ_ಕಟ್ಟಡ:
ಆಮೇಲಿನ ನಿರ್ವಹಣೆಗೆ?

ತಾರಸಿಮೇಲೆ:
ಬಿಳುಪು ಕಂದಿದರೆ ಶಾಖ ಹಿಂದಿರುಗಿಸೋದೂ ಕಡಿಮೆಯಾಗುತ್ತೆ. ವರ್ಷಕ್ಕೊಮ್ಮೆ ಮೆತ್ತನೆ ಬ್ರಷ್, ಸೋಪುನೀರು. ವೈರ್ ಬ್ರಷ್ ಮುಟ್ಟಿಸಬೇಡಿ. ಮಧ್ಯಾಹ್ನ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಹಚ್ಚಿದ, ಹಚ್ಚದ ಜಾಗ ಅಳೆದು ಬರೆದಿಡಲಿ. ಹೊಳೆಯೋ ತಗಡಿನ ಮೇಲೆ ಮಾತ್ರ ಅದರ ಅಂಕಿ ನಂಬಬಾರದು, ನಿಜಕ್ಕಿಂತ ಕಡಿಮೆ ತೋರಿಸುತ್ತೆ.