ಕರೆಂಟ್ ಲೋಡ್ ಇಳಿಸಿದರೆ ದುಡ್ಡು ಕೊಡಿಸ್ತಾರಂತೆ, ಒಪ್ಪಿಕೊಳ್ಳಬಹುದಾ?

ಹೇಮಾವತಿ ದಂಡೆ (ಹಾಸನ):
ನಮಸ್ಕಾರ. ಹಾಸನದ ಹೊರಗೆ ಒಂದು ವಿಶ್ವವಿದ್ಯಾಲಯದಲ್ಲಿ ಕರೆಂಟ್ ಕೆಲಸ ನೋಡಿಕೊಳ್ಳುತ್ತೇನೆ. ಹೋದ ವಾರ ಒಬ್ಬರು ಸಲಹೆಗಾರರು ಬಂದಿದ್ದರು. ಗ್ರಿಡ್‌ಗೆ ಕರೆಂಟ್ ಸಾಲದಾದಾಗ ಮೆಸೇಜ್ ಬರುತ್ತದೆ, ಎರಡು ಗಂಟೆ ನಮ್ಮ ಬಳಕೆ 200 ಕಿಲೋವ್ಯಾಟ್ ಇಳಿಸಿದರೆ ದುಡ್ಡು ಕೊಡಿಸುತ್ತೇವೆ ಅಂದರು. ಡಿಮಾಂಡ್ ರೆಸ್ಪಾನ್ಸ್ ಅಂತೆ. ಅಮೆರಿಕದ ಯೂನಿವರ್ಸಿಟಿಗಳು ಇದರಲ್ಲಿ ಚೆನ್ನಾಗಿ ಗಳಿಸುತ್ತವಂತೆ. ನಮ್ಮ ಹಣಕಾಸು ಅಧಿಕಾರಿಗಳು ಆಗಲೇ ಒಪ್ಪಿದ ಹಾಗಿದ್ದಾರೆ.

ನನಗೆ ಭಯ. ನಮ್ಮಲ್ಲಿ ಆಲೂಗಡ್ಡೆ ಸಸಿಗಳನ್ನು ಬಾಟಲಿಯಲ್ಲಿ ಬೆಳೆಸುವ ಟಿಶ್ಯೂ ಕಲ್ಚರ್ ಕೋಣೆ ಇದೆ. ಅಲ್ಲಿ 25 ಡಿಗ್ರಿ ನಿಲ್ಲಬೇಕು. ಕಳೆದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಎಸಿ ಕೆಟ್ಟಿತ್ತು. ಸಂಜೆ ಹೋದರೆ, ಸಂಶೋಧನೆ ಮಾಡುವ ಹುಡುಗಿ ಒಂದೊಂದೇ ಬಾಟಲಿ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಿದ್ದಳು. ಎರಡು ಗಂಟೆಯ ದುಡ್ಡಿಗೆ ಅವಳ ಎರಡು ವರ್ಷದ ಕೆಲಸ ಹೋಗಬಾರದು ಅಲ್ವಾ?

ಗಿರಿ ವೈರ್‌ಮ್ಯಾನ್ (ಚಿಕ್ಕಮಗಳೂರು):
ಸರ್, ಮೊದಲು ನಿಮ್ಮ ಎಚ್‌ಟಿ (ಹೈ ಟೆನ್ಷನ್) ಬಿಲ್ ತೆಗೆದು ಎಂಡಿ, ಅಂದರೆ ಆ ತಿಂಗಳಲ್ಲಿ ಲೋಡ್ ಮುಟ್ಟಿದ ಗರಿಷ್ಠ ಮಟ್ಟ, ನೋಡಿ. ಕಾಂಟ್ರಾಕ್ಟ್ ಡಿಮಾಂಡ್ (ವಿದ್ಯುತ್ ಕಂಪನಿ ಜೊತೆ ಒಪ್ಪಿದ ಮಿತಿ) ಮೀರಿದ ಪ್ರತಿ ಕೆವಿಎಗೂ (ಲೋಡ್ ಅಳೆಯುವ ಮಾನ) ದುಪ್ಪಟ್ಟು ದರ ಬೀಳುತ್ತದೆ. ದಿನಪೂರ್ತಿ ಮೀರಬೇಕಿಲ್ಲ, ಬೆಳಗಿನ ಸ್ವಲ್ಪ ಹೊತ್ತು ಸಾಕು. ನಮ್ಮ ಹಾಸ್ಟೆಲ್‌ನಲ್ಲಿ 2 ಕಿಲೋವ್ಯಾಟ್‌ನ 60 ಗೀಸರ್. ಡಿಸೆಂಬರ್ ಚಳಿಗೆ ಆರೂವರೆಗೆ ಎಲ್ಲ ಒಟ್ಟಿಗೆ ಆನ್. ಅಲ್ಲಿಗೆ 120 ಕಿಲೋವ್ಯಾಟ್! ಟೈಮರ್ ಹಾಕಿ ಎರಡು ಪಾಳಿ ಮಾಡಿದೆವು. ಒಂದು ವಾರ ಹುಡುಗರು ಕೂಗಾಡಿದರು, ಆಮೇಲೆ ಒಗ್ಗಿಕೊಂಡರು. ಎಂಡಿ ಮಿತಿಯೊಳಗೆ ಬಂತು. ಈ ಉಳಿತಾಯದಲ್ಲಿ ಯಾರಿಗೂ ಪಾಲಿಲ್ಲ.

ಡಿಜಿ (ಡೀಸೆಲ್ ಜನರೇಟರ್) ಓಡಿಸಿ ಲೋಡ್ ಇಳಿಸೋಣ ಅಂದರೆ ಮಾತ್ರ ಒಪ್ಪಬೇಡಿ. ಲೀಟರ್ ಡೀಸೆಲ್‌ಗೆ ಮೂರು, ಮೂರೂವರೆ ಯೂನಿಟ್. ಲೀಟರ್‌ಗೆ 90 ರೂಪಾಯಿ ಹಿಡಿದರೂ ಯೂನಿಟ್‌ಗೆ 25 ದಾಟುತ್ತದೆ.

ಸಕಲೇಶಪುರದವಳು:
ನಾನು ಪೆನ್ಸಿಲ್ವೇನಿಯಾದ ಕ್ಯಾಂಪಸ್ ಒಂದರಲ್ಲಿ ಇದೇ ಕೆಲಸದಲ್ಲಿದ್ದೇನೆ ಅಣ್ಣ. ಗಳಿಕೆ ಇದೆ, ಆದರೆ ದರ ಒಂದೇ ಸಮ ಇರಲ್ಲ. ಇಲ್ಲಿನ ಪಿಜೆಎಂ ಗ್ರಿಡ್‌, ಬೇಕಾದಾಗ ಕರೆಂಟ್ ಕೊಡಲು ಅಥವಾ ಲೋಡ್ ಇಳಿಸಲು ಸಿದ್ಧ ಇರುವವರಿಗೆ ಹರಾಜಿನಲ್ಲಿ ದರ ಕಟ್ಟುತ್ತದೆ; ಅದು 2024-25ಕ್ಕೆ ಒಂದು ಮೆಗಾವ್ಯಾಟ್‌ಗೆ (1000 ಕಿಲೋವ್ಯಾಟ್) ದಿನಕ್ಕೆ 28.92 ಡಾಲರ್ ಇತ್ತು, 2025-26ಕ್ಕೆ 269.92 ಆಯಿತು. ವರ್ಷಕ್ಕೆ ಲೆಕ್ಕ ಹಾಕಿದರೆ ಹತ್ತೂವರೆ ಸಾವಿರ ಎಲ್ಲಿ, ತೊಂಬತ್ತೆಂಟೂವರೆ ಸಾವಿರ ಎಲ್ಲಿ! ಅದರಲ್ಲಿ ಮಧ್ಯವರ್ತಿಯ ಪಾಲು ಹೋಗಬೇಕು. ಮಾತು ಕೊಟ್ಟಷ್ಟು ಇಳಿಸದಿದ್ದರೆ ದಂಡ. ಅಂಥ ಹರಾಜು ನಮ್ಮೂರ ಕಡೆ ಇಲ್ಲ, ಹಾಗಾಗಿ ಈ ಅಂಕಿಗಳನ್ನು ಹಾಸನದ ಲೆಕ್ಕಕ್ಕೆ ಸೇರಿಸಬೇಡಿ.

ಸಲಹೆಗಾರರನ್ನು ಒಂದು ಮಾತು ಕೇಳಿ: ‘ಇಳಿಸಿದ್ದು’ ಅಂತ ಯಾವ ಮಟ್ಟದಿಂದ ಎಣಿಸುತ್ತೀರಿ? ರಜೆಯಲ್ಲಿ ನಿಮ್ಮ ಲೋಡ್ ಮೊದಲೇ ಕೆಳಗಿರುತ್ತದೆ. ಆಗ 200 ಎಲ್ಲಿಂದ ತರುತ್ತೀರಿ? ಪರೀಕ್ಷೆ ದಿನ ಮೆಸೇಜ್ ಬಂದರೆ ಬೇಡ ಅನ್ನುವ ಹಕ್ಕು ಬರವಣಿಗೆಯಲ್ಲಿರಲಿ.

ಹೇಮಾವತಿ ದಂಡೆ:
ಇಬ್ಬರಿಗೂ ಧನ್ಯವಾದ. ರಜೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಕಲ್ಚರ್ ಕೋಣೆ, ಲ್ಯಾಬ್ ಫ್ರೀಜರ್, ಸರ್ವರ್ ಮುಟ್ಟುವಂತಿಲ್ಲ ಅಂತ ಈಗಲೇ ಬರೆದೆ. ಅವು ಬಿಟ್ಟರೆ ಪಂಪು, ಗೀಸರ್, ಆಡಿಟೋರಿಯಂ ಎಸಿ ಸೇರಿ ಇಳಿಸಲು ಸಿಗುವುದು 90 ಕಿಲೋವ್ಯಾಟ್ ಮಾತ್ರ. ಸೋಮವಾರ ಈ ಹಾಳೆ ಹಿಡಿದು ಹಣಕಾಸು ಅಧಿಕಾರಿಗಳ ಹತ್ತಿರ ಹೋಗುತ್ತೇನೆ.