ಸೊಂಟನೋವಿನ ಭಯ ಅಳೆಯುವ ಪ್ರಶ್ನೆಗಳನ್ನು ಕನ್ನಡದಲ್ಲಿ ಹೇಗೆ ಕೇಳುತ್ತೀರಿ?

ಹಾಸನದ ಫಿಸಿಯೋ:

ಎಲ್ಲರಿಗೂ ನಮಸ್ಕಾರ. ಹಾಸನದ ಹತ್ತಿರ ಸಣ್ಣ ಕ್ಲಿನಿಕ್ ನನ್ನದು. ಮೂರು ತಿಂಗಳು ದಾಟಿದ ಸೊಂಟನೋವಿನವರೇ ಜಾಸ್ತಿ ಬರುತ್ತಾರೆ.

ಹೋದ ವಾರ ಒಬ್ಬ ಅಮ್ಮ ಬಂದಿದ್ದರು, 46 ವರ್ಷ. ಎಂಆರ್‌ಐ ನೋಡಿ ಯಾರೋ ‘ಗ್ಯಾಪ್ ಬಂದಿದೆ, ಬಗ್ಗಲೇಬೇಡಿ’ ಅಂದಿದ್ದರಂತೆ. ಎರಡು ವರ್ಷದಿಂದ ಅವರು ಬಗ್ಗಿಲ್ಲ. ಸಹಿ ಮಾಡುವಾಗ ಪೆನ್ನು ಕೆಳಗೆ ಬಿತ್ತು. ಕತ್ತು ಕೂಡ ಬಗ್ಗಿಸಲಿಲ್ಲ. ಮೇಜು ಹಿಡಿದು, ಉಸಿರು ಬಿಗಿಹಿಡಿದು, ಕಾಲ್ಬೆರಳಲ್ಲಿ ಪೆನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಮಗನ ಮುಖ ನೋಡಿದರು. ಅವನು ಎತ್ತಿಕೊಟ್ಟ. ಕಾಲಿನ ಬಲ, ಸ್ಪರ್ಶ, ಮೂತ್ರದ ಹಿಡಿತ ಎಲ್ಲಾ ನೋಡಿದ್ದೇನೆ, ಸರಿಯಾಗಿವೆ.

ಭಯ ಎಷ್ಟಿದೆ ಅಂತ ಅಳೆಯೋಣ ಅಂದುಕೊಂಡು ವ್ಯಾಡೆಲ್ ಅವರ 1993ರ ಪ್ರಶ್ನಾವಳಿ (ಎಫ್‌ಎಬಿಕ್ಯು) ತೆಗೆದೆ. 16 ಹೇಳಿಕೆ, ಪ್ರತಿಯೊಂದಕ್ಕೂ 0ರಿಂದ 6 ಅಂಕ. ಇಂಗ್ಲಿಷ್ ನೋಡಿಕೊಂಡು ಬಾಯಲ್ಲೇ ಕನ್ನಡ ಮಾಡಿ ಕೇಳಿದೆ. ಕೆಲಸದ ಭಾಗ ಬಂದಾಗ ‘ನನಗೆಲ್ಲಿ ಕೆಲಸ ಮೇಡಂ, ಮನೇಲಿರ್ತೀನಿ’ ಅಂದರು. ನೋವು ಬರುವ ಮುಂಚೆ ದಿನಾ ಎರಡು ಹಸುವಿನ ಹಾಲು ಕರೆಯುತ್ತಿದ್ದವರು! ‘ನೋವಿಗೆ ಪರಿಹಾರ ಕೇಳಿದ್ದೀರಾ?’ ಅಂದರೆ, ‘ಅದಕ್ಕೇ ಅಲ್ವಾ ನಿಮ್ಮ ಹತ್ರ ಬಂದಿರೋದು’ ಅಂದರು. ನಾನು ಕೇಳಿದ್ದು ದುಡ್ಡಿನ ಪರಿಹಾರ, ಅವರಿಗೆ ಕೇಳಿಸಿದ್ದು ಗುಣವಾಗುವ ಪರಿಹಾರ.

ಆಮೇಲೆ ಟ್ಯಾಂಪಾ ಸ್ಕೇಲ್ (ಅಲುಗಾಡುವ ಭಯ ಅಳೆಯುವ ಇನ್ನೊಂದು ಪ್ರಶ್ನಾವಳಿ) ತೆಗೆದೆ. ಅದರ 17 ಹೇಳಿಕೆಗೆ 17ಕ್ಕೂ ‘ಹೂಂ, ಒಪ್ತೀನಿ’. ಒಟ್ಟು 47 ಬಂತು. ಇದನ್ನು ಫೈಲಿನಲ್ಲಿ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಧಾರವಾಡದ ಹಿರಿಯ ಫಿಸಿಯೋ:

ಬರೆಯಬೇಡಿ ಮೇಡಂ. ಟ್ಯಾಂಪಾದಲ್ಲಿ ಪ್ರತಿ ಹೇಳಿಕೆಗೆ 1ರಿಂದ 4 ಅಂಕ, ‘ಒಪ್ಪುತ್ತೇನೆ’ ಅಂದರೆ 3. ಆದರೆ 4, 8, 12, 16ನೇ ಹೇಳಿಕೆಗಳ ಅಂಕ ತಿರುವುಮುರುವು, ಅಲ್ಲಿ ‘ಒಪ್ಪುತ್ತೇನೆ’ಗೆ 2. ಯಾರೇ ಆಗಲಿ, ಎಲ್ಲಕ್ಕೂ ‘ಒಪ್ಪುತ್ತೇನೆ’ ಅಂದರೆ 13 ಹೇಳಿಕೆಗೆ ಮೂರರಂತೆ 39, ಉಳಿದ ನಾಲ್ಕಕ್ಕೆ ಎರಡರಂತೆ 8, ಒಟ್ಟು 47. 37 ದಾಟಿದರೆ ಭಯ ಜಾಸ್ತಿ ಅಂತ ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ನಿಮ್ಮ 47ರಲ್ಲಿ ಭಯ ಎಷ್ಟು, ಮೇಡಂಗೆ ಇಲ್ಲ ಅನ್ನಲಾರದ ಮರ್ಯಾದೆ ಎಷ್ಟು ಅಂತ ಬಿಡಿಸಲು ಬರುವುದಿಲ್ಲ.

ಸದ್ಯಕ್ಕೆ ಎಫ್‌ಎಬಿಕ್ಯುನ ದೈಹಿಕ ಚಟುವಟಿಕೆಯ ಭಾಗ ಮಾತ್ರ ಬಳಸಿ. ಅಂಕಕ್ಕೆ ಸೇರುವ ಹೇಳಿಕೆಗಳು ನಾಲ್ಕೇ, ಹೆಚ್ಚೆಂದರೆ ಒಟ್ಟು 24 ಅಂಕ. ಕೆಲಸದ ಭಾಗ ಖಾಲಿ ಬಿಡಿ, ಸುಮ್ನೆ ಊಹಿಸಿ ತುಂಬಬೇಡಿ. ಪರಿಹಾರದ ಹೇಳಿಕೆ ಹೇಗೂ ಅಂಕಕ್ಕೆ ಸೇರುವುದಿಲ್ಲ. ಬಾಯಲ್ಲಿ ಅನುವಾದ ಮಾಡಿದರೆ ಇವತ್ತೊಂದು ಮಾತು, ನಾಳೆ ಇನ್ನೊಂದು. ಆಗ ಮೊದಲಿನ ಅಂಕಕ್ಕೂ ಆರು ವಾರದ ಮೇಲಿನ ಅಂಕಕ್ಕೂ ಹೋಲಿಕೆ ಹೇಗೆ?

ಓದಲು ಬಾರದವರಿಗೆ ಇನ್ನೊಂದು ದಾರಿ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ದಿನನಿತ್ಯದ ಕೆಲಸಗಳ ಫೋಟೋ ತೋರಿಸಿ, ‘ಇದು ನಿಮ್ಮ ಬೆನ್ನಿಗೆ ಎಷ್ಟು ಅಪಾಯ?’ ಅಂತ 0ರಿಂದ 100ರವರೆಗೆ ಗುರುತಿರುವ ಥರ್ಮಾಮೀಟರ್‌ನಂಥ ಅಳತೆಪಟ್ಟಿಯ ಮೇಲೆ ಇಡಿಸುತ್ತಾರೆ. ನಿಮ್ಮೂರಿನ ಫೋಟೋ ನೀವೇ ತೆಗೆಯಿರಿ. ಅದು ಪರೀಕ್ಷಿಸಿದ ಅಳತೆ ಆಗುವುದಿಲ್ಲ, ಆದರೆ ಭಯ ಎಲ್ಲಿ ಕೂತಿದೆ ಅಂತ ಕಾಣುತ್ತದೆ.

ಸೊಂಟನೋವಿನ ಟೀಚರ್:

ನಾನು ಪೇಷಂಟ್. ಇಂಥದ್ದೇ ಫಾರಂ ತುಂಬಿದ್ದೇನೆ. ‘ನೋವಾಗುತ್ತದೆಯೇ’, ‘ಹಾನಿಯಾಗುತ್ತದೆಯೇ’ ಎರಡೂ ನನಗೆ ಒಂದೇ ಆಗಿತ್ತು. ನೋವು ಬಂತು ಅಂದರೆ ಒಳಗೆ ಏನೋ ಹರಿಯಿತು ಅಂತಲೇ ಲೆಕ್ಕ. ನೋವೇ ಇಲ್ಲದ 20ರ ಆಸುಪಾಸಿನವರಲ್ಲೂ ಸುಮಾರು 37% ಜನರ ಸ್ಕ್ಯಾನ್‌ನಲ್ಲಿ ಡಿಸ್ಕ್ ಸವೆತ ಕಾಣುತ್ತದೆ, 80ರವರಲ್ಲಿ 96% ಅಂತ ನನ್ನ ಫಿಸಿಯೋ ಹೇಳಿದ ದಿನ ರಿಪೋರ್ಟನ್ನು ಬೀರುವಿಗೆ ಹಾಕಿದೆ. ಆ ಅಮ್ಮನಿಗೂ ‘ಗ್ಯಾಪ್’ ಅಂದರೆ ಏನು ಅಂದುಕೊಂಡಿದ್ದೀರಿ ಅಂತ ಕೇಳಿ ಮೇಡಂ.

ಹಾಸನದ ಫಿಸಿಯೋ:

ಕೇಳಿದೆ. ಗೋಡೆಯ ಇಟ್ಟಿಗೆ ಬಿಟ್ಟುಕೊಂಡ ಹಾಗೆ, ಬಗ್ಗಿದರೆ ಮೇಲಿನದು ಜಾರುತ್ತದೆ ಅಂದುಕೊಂಡಿದ್ದರಂತೆ. ಎರಡು ವರ್ಷ ಅದನ್ನೇ ಬೆನ್ನಲ್ಲಿ ಹೊತ್ತು ಮಲಗಿದ್ದಾರೆ. ನನಗೆ ತುಂಬಾ ಸಂಕಟವಾಯಿತು.

ಫೋನಿನಲ್ಲಿ ಹನ್ನೆರಡು ಫೋಟೋ ತೆಗೆದು ತೋರಿಸಿದೆ. ಹಾಲು ಕರೆಯುವುದು 100, ‘ಅಲ್ಲೇ ಹಿಡ್ಕೊಂಡಿದ್ದು’ ಅಂದರು. ತುಂಬಿದ ಕೊಡ 90. ಬಟ್ಟೆ ಒಗೆಯುವುದು 70. ರಂಗೋಲಿಯ ಫೋಟೋ ಮಾತ್ರ ತುಂಬಾ ಹೊತ್ತು ಕೈಯಲ್ಲೇ ಹಿಡಿದಿದ್ದು 40ರಲ್ಲಿ ಇಟ್ಟರು. ಸೋಮವಾರ ಕ್ಲಿನಿಕ್ ಬಾಗಿಲಲ್ಲಿ ನಾಲ್ಕೆಳೆ ರಂಗೋಲಿಯಿಂದ ಶುರು ಮಾಡುತ್ತೇವೆ. ಪುಡಿ ಅವರೇ ತರುತ್ತಾರಂತೆ.